ಸದ್ದು ಮಾಡಿದ್ದು ಹಾರುವುದಿಲ್ಲ

ಫರ್ಗಸ್‌ನ ಹೆಲಿಕಾಪ್ಟರಿನಲ್ಲಿ ಒಂದೇ ಕಾನೂನು. ಬೇಟೆಗೆ ಹತ್ತುವ ಮೊದಲು ಖಾಲಿ ಕೋವಿಯನ್ನು ಅವನ ಕೈಗೆ ಕೊಡಬೇಕು. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಗಿಲಕಿಯಂತೆ ಅಲ್ಲಾಡಿಸುತ್ತಾನೆ. ಸದ್ದು ಮಾಡಿದ್ದು ಹಾರುವುದಿಲ್ಲ. ಬಾಗಿಲು ಕಳಚಿದ ಯಂತ್ರದಿಂದ ಒಂದು ಸ್ಕ್ರೂ ಉದುರಿ ಹಿಂದಿನ ರೆಕ್ಕೆಗೆ ಬಡಿದರೆ, ಆಮೇಲೆ ಎಲ್ಲರೂ ಉದುರುತ್ತಾರೆ.

ಮೆರೆಯಾನಾಳ ಕೋವಿ ಕಟಕಟ ಎಂದಿತು.

"ಹಲ್ಲು ಕಡೀತಿದೆ ಕಣೇ ಇದು," ಎಂದ ಫರ್ಗಸ್. "ಒಂಬತ್ತಕ್ಕೆ ಮೋಡ ಸರಿಯುತ್ತೆ. ಅಷ್ಟರಲ್ಲಿ ಬಾಯ್ ಮುಚ್ಸು. ಇಲ್ಲಾಂದ್ರೆ ಈ ಸೀಸನ್ನಿನ ಸೀಟು ಕ್ಯಾಲಮ್‌ಗೆ."

ಬೇಲಿಗೊರಗಿ ಪೈ ತಿನ್ನುತ್ತಿದ್ದ ಕ್ಯಾಲಮ್, "ನಿಧಾನಕ್ಕೆ ಮಾಡಮ್ಮಾ, ಅವಸರ ಏನಿಲ್ಲ," ಎಂದ.

ಮೂರು ವರ್ಷ ಅವಳು ಹಾಸ್ಟ್ ಕಣಿವೆಯಲ್ಲಿ ಬೇರೆಯವರು ಹೊಡೆದ ತಾರ್ ಎಂಬ ಕಾಡು ಆಡುಗಳನ್ನು ಹೆಲಿಕಾಪ್ಟರಿನ ಕೊಕ್ಕೆಗೆ ಸಿಕ್ಕಿಸಿದ್ದಳು. ಗುರಿಯಿಟ್ಟು ಹೊಡೆಯುವವಳ ಸೀಟು ಸಿಕ್ಕಿದ್ದು ಇದೇ ಮೊದಲು. ಬೇಲಿಯ ಪಕ್ಕದ ನನ್ನ ರಿಪೇರಿ ಶೆಡ್ಡಿಗೆ ಓಡಿಬಂದು ಕೋವಿಯನ್ನು ಮೇಜಿನ ಮೇಲಿಟ್ಟಳು.

"ಡೆಸ್ ಮಾವ, ನೀನ್ ಮಾಡಿದ್ ಕೀಲು ನನ್ ಮಾನ ಕಳೀತು."

"ನನ್ ಕೀಲುಗಳು ಹಾಗೆಲ್ಲ ಮಾತಾಡಲ್ಲ."

ಭುಜಕ್ಕೆ ಒತ್ತುವ ಕೋವಿಯ ಹಿಂಭಾಗವನ್ನು ನಾವು ಬಾಲ ಎನ್ನುತ್ತೇವೆ. ಹೆಲಿಕಾಪ್ಟರಿನ ಇಕ್ಕಟ್ಟಿನಲ್ಲಿ ಅದು ಪಕ್ಕಕ್ಕೆ ಮಡಚಿಕೊಳ್ಳಬೇಕು. ಬಿಚ್ಚಿದಾಗ ಮಾತ್ರ, ಮಡಚುವುದೆಂದರೇನು ಎಂದೇ ಗೊತ್ತಿಲ್ಲದಂತೆ ನಿಲ್ಲಬೇಕು. ಕೀಲಿನೊಳಗೆ ಬೆಣೆಯಂಥ ಚಿಲಕ. ಸ್ಪ್ರಿಂಗ್ ಅದನ್ನು ಇಳಿಜಾರು ಕುಳಿಗೆ ತಳ್ಳುತ್ತಲೇ ಇರುತ್ತದೆ. ಸವೆದಷ್ಟೂ ಬೆಣೆ ಆಳಕ್ಕಿಳಿದು ಕಚ್ಚುತ್ತದೆ, ಸಡಿಲಾಗುವ ಮಾತೇ ಇಲ್ಲ. ಮಡಚಬೇಕಾದರೆ ಹೆಬ್ಬೆರಳಿನಿಂದ ಗುಂಡಿ ಒತ್ತಿ ಬೆಣೆಯನ್ನು ಹೊರಗೆ ತಳ್ಳಬೇಕು.

ಕೀಲನ್ನು ಕಳಚಿದೆ. ಕುಳಿಯ ತುಂಬ ಹಳದಿ ಜಿಡ್ಡು. ಮೂಸಿದೆ. ಕುರಿ.

"ಉಣ್ಣೆ ಜಿಡ್ಡು ಮೆತ್ತಿದೀಯಾ?"

"ಇನ್ನೇನ್ ಹಚ್ಲಿ? ನಮ್ ಮಳೇಲಿ ಟ್ರ್ಯಾಕ್ಟರಿಗೂ ಅದೇ, ಬೂಟಿಗೂ ಅದೇ, ಅಜ್ಜನ ಮೊಣಕಾಲಿಗೂ ಅದೇ."

"ಅಜ್ಜನ ಮೊಣಕಾಲಲ್ಲಿ ಬೆಣೆ ಇಲ್ಲ ತಾಯಿ!"

ಜಿಡ್ಡು, ಅದರಲ್ಲಿ ಸಿಕ್ಕ ಉಣ್ಣೆಯ ಎಳೆಗಳು ಸೇರಿ ಬೆಣೆಯನ್ನು ಅರ್ಧದಲ್ಲೇ ತಡೆದಿದ್ದವು. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಜೋಡಿಸಿದೆ. ಟಕ್. ಅಲ್ಲಾಡಿಸಿದರೆ ಮೌನ.

ಅವಳು ನಗಲಿಲ್ಲ.

"ಮಾವ, ತುಕ್ಕಿಗಲ್ಲ ಹಚ್ಚಿದ್ದು. ಗುಂಡಿ ಒತ್ತಕ್ಕಾಗ್ತಿರಲಿಲ್ಲ, ಜಿಡ್ಡಿದ್ರೆ ಸಲೀಸು." ಬಲಗೈ ಎತ್ತಿದಳು. ಹೋದ ವರ್ಷ ಕೊಕ್ಕೆಯ ಸರಪಳಿಗೆ ಸಿಕ್ಕ ಹೆಬ್ಬೆರಳು ಈಗ ಅರ್ಧವೇ ಬಾಗುತ್ತದೆ. "ಒಂದೇ ಕೈಲಿ ಮಡಚು ಅಂತಾನೆ ಫರ್ಗಸ್."

ಸ್ಪ್ರಿಂಗ್ ಮೆದುಮಾಡಿದರೆ ಮತ್ತೆ ಕಟಕಟ. ಇಪ್ಪತ್ತು ನಿಮಿಷ ಉಳಿದಿತ್ತು.

"ಬೆಣೆ ಜೊತೆ ಕುಸ್ತಿ ಆಡ್ಬೇಡ," ಎಂದೆ. "ಬಾಲಾನ ನಿನ್ ಸೊಂಟಕ್ಕೆ ಕುಟ್ಟು, ಮಡಚೋ ಕಡೆಗಲ್ಲ, ಬಿಚ್ಚೋ ಕಡೆಗೆ. ಬೆಣೆ ಮೇಲಿನ ಭಾರ ಇಳಿದ ಆ ಗಳಿಗೇಲಿ ಗುಂಡಿ ಮುಟ್ಟು ಸಾಕು."

ಐದು ಸಲ ಸೊಂಟ ನೊಂದದ್ದೊಂದೇ ಲಾಭ. ಆರನೆಯ ಸಲ ಬಾಲ ತಾನಾಗಿ ಮಡಚಿಕೊಂಡಿತು.

ಮೋಡ ಸರಿದಾಗ ಫರ್ಗಸ್ ಕೋವಿಯನ್ನು ಅಲ್ಲಾಡಿಸಿದ. ಕೇಳಿದ. ಮತ್ತೆ ಅಲ್ಲಾಡಿಸಿದ. ನಂತರ, ಮಳೆಯಲ್ಲಿ ನೆನೆದಂತಾಗಲೆಂದು ಅವಳ ಕೈಗವಸಿನ ಮೇಲೆ ಬಾಟಲಿಯ ನೀರು ಸುರಿದ.

"ಮಡಚು."

ಸೊಂಟಕ್ಕೊಂದು ಕುಟ್ಟು. ಬಾಲ ಪಕ್ಕಕ್ಕೆ ಬಂತು.

"ಏನೇ, ಕೋವಿ ಮಡಚ್ತೀಯೋ ಕುಣೀತೀಯೋ?"

"ಎರಡೂ. ಟಿಕೆಟ್ ಇಲ್ಲ, ಪುಕ್ಕಟೆ ನೋಡು."

"ಇನ್ನೊಂದ್ಸಲ."

ಮಡಚಿದಳು. ಮತ್ತೊಂದು ಸಲ, ಕೇಳದೆಯೇ. ಕ್ಯಾಲಮ್ ಅಗಿಯುವುದನ್ನು ನಿಲ್ಲಿಸಿದ್ದ. ಫರ್ಗಸ್ ಸೀಟಿನ ಮೇಲಿದ್ದ ಸುರಕ್ಷತಾ ಬೆಲ್ಟನ್ನು ಎತ್ತಿ ಅವಳ ಎದೆಗೆ ಎಸೆದ. ಅವಳು ಅದರ ಕೊನೆಯ ಪಟ್ಟಿ ಬಿಗಿಯುವಷ್ಟರಲ್ಲಿ ರೆಕ್ಕೆಗಳು ತಿರುಗತೊಡಗಿದ್ದವು.