ತಪ್ಪೊಪ್ಪಿಗೆಯ ಮರುದಿನ

ಹದಿನೆಂಟನೆಯ ವಾಯಿದೆಯ ದಿನ ಅಕ್ಕ ಹೊಲಿಗೆ ಅಂಗಡಿಗೆ ಬೀಗ ಹಾಕಿ ಬರುವಷ್ಟರಲ್ಲಿ, ಕೋರ್ಟಿನ ಮೂರನೆಯ ಮಹಡಿಯ ಬೆಂಚುಗಳೆಲ್ಲ ತುಂಬಿದ್ದವು. ಲಿಫ್ಟ್ ರಿಪೇರಿ ಮಾಡುತ್ತಿದ್ದ ಅವಳ ತಮ್ಮ ಜೈಲು ಸೇರಿ ಇಪ್ಪತ್ತೆರಡು ತಿಂಗಳಾಗಿತ್ತು. ಅವನು ಒಂದು ಕಟ್ಟಡದ ಲಿಫ್ಟ್ ಸರಿಮಾಡಿ ಹೋದ ದಿನವೇ ಅಲ್ಲಿನ ಅಜ್ಜಿಯೊಬ್ಬರ ಚಿನ್ನದ ಬಳೆ ಕಾಣೆಯಾಗಿತ್ತು. ಕುಡಿಯಲು ನೀರು ಕೇಳಿ ಅವರ ಮನೆಯೊಳಗೆ ಕಾಲಿಟ್ಟಿದ್ದ ಹೊರಗಿನವನು ಅವನೊಬ್ಬನೇ. ಜಾಮೀನೇನೋ ಸಿಕ್ಕಿತ್ತು, ಆದರೆ ಹೊಣೆ ನಿಲ್ಲಲು ಸ್ವಂತ ಮನೆಯುಳ್ಳವರು ಬೇಕಿತ್ತು. ಬಾಡಿಗೆ ಮನೆಯವರ ನೆಂಟರಿಷ್ಟರೆಲ್ಲ ಬಾಡಿಗೆ ಮನೆಯವರೇ.

ಒಮ್ಮೆ ನ್ಯಾಯಾಧೀಶರಿಗೆ ವರ್ಗವಾಯಿತು, ಇನ್ನೊಮ್ಮೆ ಕೈದಿಗಳ ವ್ಯಾನಿಗೆ ಕಾವಲು ಸಿಗಲಿಲ್ಲ. ಉಳಿದಂತೆಲ್ಲ ಸಾಕ್ಷಿ ಬಂದಿಲ್ಲವೆಂಬ ಒಂದೇ ರಾಗ. ಈ ಕಟ್ಟಡದಲ್ಲಿ ತನಗಿಂತ ಹೆಚ್ಚು ಸರ್ವಿಸು ಆಗಿರುವುದು ಗೋಡೆಗಳಿಗೆ ಮಾತ್ರ ಎಂದು ಅವಳು ಜವಾನನೊಡನೆ ನಗೆಯಾಡುತ್ತಿದ್ದಳು. ತಮ್ಮನಿಗೆ ಮಾತ್ರ ಪ್ರತಿ ಸಲವೂ ಒಂದೇ ಮಾತು: ಪ್ರಾಣ ಹೋದರೂ ಮಾಡದ ತಪ್ಪು ಒಪ್ಪಿಕೊಳ್ಳಬೇಡ.

ಅಂದು ಕೋಲೂರಿಕೊಂಡು ಬಂದ ಮುದುಕಿಯೊಬ್ಬರಿಗೆ ಅವಳು ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು. ಅದೂ ಇದೂ ಮಾತಾಡುತ್ತಿದ್ದಾಗ, ಬಳೆ ಕಳೆದುಕೊಂಡಿದ್ದ ಅಜ್ಜಿ ಅವರೇ ಎಂದು ತಿಳಿಯಿತು. ಇವಳು ಯಾರೆಂದು ತಿಳಿದು ಅಜ್ಜಿಯ ಮುಖ ಸಣ್ಣದಾಯಿತು.

"ಬಳೆ ಸಿಕ್ತಮ್ಮ. ಸುಣ್ಣ ಬಳಿಯೋಕೆ ಬೀರು ಸರಿಸಿದಾಗ ಗೋಡೆ ಸಂದೀಲಿತ್ತು. ಎಂಟು ತಿಂಗಳಾಯ್ತು. ಠಾಣೆಗೆ ಹೋಗಿ ಹೇಳಿದ್ರೆ, ಅದನ್ನ ಕೋರ್ಟಲ್ಲೇ ಹೇಳಿ ಅಂದ್ರು. ಕೋರ್ಟಿಂದ ಕರೆ ಬಂದಿದ್ದು ಈಗ."

ಅಕ್ಕ ದಡಕ್ಕನೆ ಎದ್ದು ನಿಂತಳು. ಮರುಕ್ಷಣವೇ ಅಜ್ಜಿಯ ಕೈಹಿಡಿದು ಅತ್ತಳು. ಆದರೆ ಮಧ್ಯಾಹ್ನವಾದರೂ ತಮ್ಮನ ಹೆಸರು ಕೂಗಲಿಲ್ಲ. ವ್ಯಾನು ಬಂದಿತ್ತು, ಅದರಲ್ಲಿ ಅವನಿರಲಿಲ್ಲ. ಕಡತ ನಿನ್ನೆ ಜೈಲಿಗೆ ಹೋದದ್ದು ಇನ್ನೂ ಬಂದಿಲ್ಲ, ಇಂದು ಏನೂ ನಡೆಯುವುದಿಲ್ಲ ಎಂದ ಗುಮಾಸ್ತ, ಅಜ್ಜಿಯನ್ನೂ ಮನೆಗೆ ಕಳಿಸಿದ.

ಅಕ್ಕ ಎರಡು ಬಸ್ಸು ಬದಲಿಸಿ ಜೈಲಿಗೆ ಓಡಿದಳು. ಭೇಟಿಯ ಕೋಣೆಯಲ್ಲಿ ಜಾಲರಿಯ ಎರಡೂ ಬದಿಗೆ ಜನ ಕಿರುಚಾಡುತ್ತಿದ್ದರು. ತಮ್ಮ ಗಡ್ಡ ಬೋಳಿಸಿಕೊಂಡಿದ್ದ. ಅವಳು ಬಾಯಿ ತೆರೆಯುವ ಮೊದಲೇ ಅವನು ಹೇಳಿದ:

"ಅಕ್ಕ, ನಾಳೆ ಬಿಡ್ತಾರೆ. ನಿನ್ನೆ ಜಡ್ಜು ಇಲ್ಲಿಗೇ ಬಂದು ಕೂತಿದ್ರು. ಒಪ್ಕೊಂಡೋರಿಗೆ ಇಲ್ಲೀತನಕ ಒಳಗಿದ್ದಿದ್ದೇ ಶಿಕ್ಷೆ, ಮನೆಗೆ ಹೋಗಬಹುದು ಅಂದ್ರು. ನಾನೂ ಒಪ್ಕೊಂಡ್ಬಿಟ್ಟೆ."

ನಲವತ್ತು ಜನರ ಕೋಣೆಯಲ್ಲಿ ನೂರಹತ್ತು ಜನ ಇದ್ದೇವೆ, ಪಕ್ಕದಲ್ಲಿ ಮಲಗುತ್ತಿದ್ದವನು ಹೋದ ವಾರ ಜ್ವರದಲ್ಲೇ ತೀರಿಕೊಂಡ, ಇನ್ನು ತಡೆಯಲಾಗಲಿಲ್ಲ ಎಂದು ಹೇಳುತ್ತ ಹೋದ. ಯಾರಾದರೂ ಬಲವಂತ ಮಾಡಿದರೇ ಎಂದು ನ್ಯಾಯಾಧೀಶರು ಮೂರು ಸಲ ಕೇಳಿದ್ದರಂತೆ. ಮೂರು ಸಲವೂ ಇಲ್ಲ ಎಂದಿದ್ದನಂತೆ.

"ಬೈಬೇಡ," ಎಂದ. ಆಮೇಲೆ, "ಸಾಕ್ಷಿ ಇವತ್ತಾದ್ರೂ ಬಂದಿದ್ರಾ?"

"ಇಲ್ಲ ಕಣೋ," ಎಂದಳು ಅಕ್ಕ.

ಅಲ್ಲಿಂದ ಅವಳು ಕೋರ್ಟೇ ನೇಮಿಸಿಕೊಟ್ಟಿದ್ದ ವಕೀಲರ ಬಳಿ ಹೋದಳು. ಅವರು ನಿಂತುಕೊಂಡೇ ಕೇಳಿಸಿಕೊಂಡರು. ತಾನೇ ಒಪ್ಪಿಕೊಂಡವನ ಮೇಲ್ಮನವಿಗೆ ಯಾರೂ ಕಿವಿಗೊಡುವುದಿಲ್ಲ, ಹುಡುಗ ಹೊರಗೆ ಬರುತ್ತಾನಲ್ಲ, ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಿ ಎಂದು ಮುಂದಿನ ಕಡತ ಎತ್ತಿಕೊಂಡರು.

ಮರುದಿನ ತಮ್ಮ ಮನೆಗೆ ಬಂದ. ಲಿಫ್ಟ್ ಕಂಪನಿಗಳು ಒಂದಾದ ಮೇಲೊಂದು ಪೊಲೀಸರ ನಡತೆ ಪತ್ರ ಕೇಳಿದವು. ಶಿಕ್ಷೆಯಾದವನಿಗೆ ಆ ಪತ್ರ ಎಲ್ಲಿಂದ ಬರಬೇಕು? ಕೊನೆಗೆ ಒಂದು ಗೋದಾಮಿನಲ್ಲಿ ಮೂಟೆ ಹೊರಲು ಸೇರಿಕೊಂಡ. ಹತ್ತು ವರ್ಷ ಕೈಗೆ ಹತ್ತಿದ್ದ ಕೆಲಸ ಕೈಬಿಟ್ಟುಹೋಯಿತು.

ಮೂರು ತಿಂಗಳ ಮೇಲೆ ಅಜ್ಜಿ ವಿಳಾಸ ಹುಡುಕಿಕೊಂಡು ಬಂದರು. ಬಾಗಿಲು ತೆರೆದವನು ತಮ್ಮನೇ, ಅಕ್ಕ ಅಡುಗೆಮನೆಯಲ್ಲಿದ್ದಳು. ಅಜ್ಜಿ ಬಿಕ್ಕುತ್ತ ಎಲ್ಲ ಹೇಳಿದರು, ಕೋರ್ಟಿನ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತಿದ್ದನ್ನೂ. ಅವನು ಅವರಿಗೆ ಕುರ್ಚಿ ಹಾಕಿದ, ನೀರು ಕೊಟ್ಟ, ಆಟೋ ಹತ್ತಿಸಿ ಬಂದ.

"ಅವತ್ತೇ ಗೊತ್ತಿತ್ತಾ ನಿಂಗೆ?"

ಅಕ್ಕ ಹೌದೆಂದು ತಲೆಯಾಡಿಸಿದಳು. ಬೈಗುಳಕ್ಕೆ ಕಾದಳು, ಬೈದಿದ್ದರೆ ಎದೆ ಹಗುರವಾಗುತ್ತಿತ್ತು. ಅವನು ಅಂಗಿ ತೊಟ್ಟು, ಗುಂಡಿ ಹಾಕಿಕೊಳ್ಳುತ್ತಲೇ ಮಧ್ಯಾಹ್ನದ ಪಾಳಿಗೆ ಹೊರಟುಹೋದ.