ಕ್ಯಾಪ್ಟನ್ನನ ಗಡ್ಡ

ನಮ್ಮ ಯಜಮಾನರದು ಕನ್ನಡಕದ ಅಂಗಡಿ. ಊರಿನವರ ಕಣ್ಣೆಲ್ಲ ಸರಿಮಾಡುವ ಈ ಮನುಷ್ಯನಿಗೆ ಫ್ರಿಜ್ಜಿನಲ್ಲಿ ಎದುರಿಗೇ ಇರುವ ಬೆಣ್ಣೆ ಕಾಣುವುದಿಲ್ಲ. ಟಿವಿಯ ಮುಂದೆ ಕೂತರೆ ಮಾತ್ರ ಹದ್ದಿನ ಕಣ್ಣು. ನನ್ನ ತಮ್ಮ ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರು. ಅವನಿಗೆ ಒಂದು ಬಿಳಿಯಲ್ಲೇ ಹತ್ತು ಬಿಳಿ ಕಾಣುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಟಿವಿಯಲ್ಲಿ ಸಿನಿಮಾ ಹಾಕುವ ಹೊಸ ಪ್ಲೇಯರ್ ಕೊಂಡರು. ಇವರದು ಬ್ಲೂ-ರೇ, ಅವನದು ಎಚ್‌ಡಿ ಡಿವಿಡಿ. ಒಂದರ ಡಿಸ್ಕು ಇನ್ನೊಂದರಲ್ಲಿ ಓಡುವುದಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ಮಹಾಯುದ್ಧ.

ಪ್ರತಿ ಭಾನುವಾರ ತಮ್ಮ ತನ್ನ ಪ್ಲೇಯರನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ನಮ್ಮ ಮನೆಗೆ ಬರುತ್ತಿದ್ದ. ಸಮುದ್ರದ ಕಥೆಯ ಒಂದೇ ಸಿನಿಮಾ, ಇಬ್ಬರ ಹತ್ತಿರವೂ ಅವರವರ ಡಿಸ್ಕು. ಹಡಗಿನ ಕ್ಯಾಪ್ಟನ್ ದೀಪ ಹಿಡಿದು ಮೆಟ್ಟಿಲಿಳಿಯುವ ದೃಶ್ಯ ಬಂದ ಕೂಡಲೇ ನಿಲ್ಲಿಸುವುದು, ಪ್ಲೇಯರ್ ಬದಲಿಸುವುದು, ಮತ್ತೆ ಅಲ್ಲೇ ತಂದು ನಿಲ್ಲಿಸುವುದು.

"ಗಡ್ಡ ನೋಡಯ್ಯ. ಒಂದೊಂದು ಕೂದಲೂ ಎಣಿಸ್ಬಹುದು," ಅನ್ನುವರು ಇವರು.

"ಎಣಿಸ್ತಾ ಕೂತಿರಿ ಭಾವ. ಕೋಟಿನ ಕಪ್ಪು ನೋಡಿ. ನಿಮ್ದ್ರಲ್ಲಿ ಅದು ಬರೀ ಮಸಿ. ಅಕ್ಕ, ನೀನೇ ಹೇಳು," ಅನ್ನುವನು ತಮ್ಮ.

ನಾನು ಒಂದು ವಾರ ಗಡ್ಡಕ್ಕೆ, ಮುಂದಿನ ವಾರ ಕೋಟಿಗೆ ವೋಟು ಹಾಕುತ್ತಿದ್ದೆ. ನಿಜ ಹೇಳಲೇ? ನನಗೆ ಎರಡೂ ಒಂದೇ ಥರ ಕಾಣುತ್ತಿತ್ತು. ಗಡ್ಡದ ಪ್ರತಿ ಕೂದಲೂ ಪರಿಚಯವಾಯಿತು, ಆ ಹಡಗು ದಡ ಸೇರಿತೋ ಮುಳುಗಿತೋ ಮಾತ್ರ ಇವತ್ತಿಗೂ ಗೊತ್ತಿಲ್ಲ. ಆದರೂ ಈ ವ್ಯಾಜ್ಯ ಮುಗಿಯದಿರಲಿ ಎಂದೇ ನನ್ನ ಆಸೆ. ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಅವನು ಮನೆ ಬಿಟ್ಟರೆ ಕೆಲಸ, ಕೆಲಸ ಬಿಟ್ಟರೆ ಮನೆ ಎಂದಾಗಿಬಿಟ್ಟಿದ್ದ. ಊಟಕ್ಕೆ ಕರೆದರೆ "ಇನ್ನೊಂದ್ಸಲ ಅಕ್ಕ" ಅನ್ನುತ್ತಿದ್ದ. ಪ್ರೀತಿಯಿಂದ ಕರೆದಾಗ ಬಾರದವನು ಜಗಳಕ್ಕೆ ಬಂದ. ಬಂದವನು ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದ. ನನಗೆ ಅಷ್ಟು ಸಾಕಿತ್ತು.

ಹೀಗಿರುವಾಗ ಪೇಪರಿನಲ್ಲಿ ಸುದ್ದಿ ಬಂತು. ಎಚ್‌ಡಿ ಡಿವಿಡಿಯನ್ನು ಅದರ ಕಂಪನಿಯವರೇ ಕೈಬಿಟ್ಟರಂತೆ, ಬ್ಲೂ-ರೇ ಗೆದ್ದಿತಂತೆ. ಇವರು ಊರೆಲ್ಲ ಡಂಗುರ ಹೊಡೆಯುತ್ತಾರೆ ಎಂದುಕೊಂಡೆ. ಆದರೆ ಇವರು ಪೇಪರ್ ಮಡಚಿಟ್ಟು ಅಂಗಡಿಗೆ ಹೊರಟರು.

ಆ ಭಾನುವಾರ ತಮ್ಮ ಬರಲಿಲ್ಲ, ಅವನ ಫೋನು ಬಂತು. "ಇನ್ನೇನಿದೆ ಅಕ್ಕ, ಸೋತಾಯ್ತಲ್ಲ. ಇನ್ನೊಂದ್ಸಲ ಬರ್ತೀನಿ."

ಆ "ಇನ್ನೊಂದ್ಸಲ" ಕೇಳಿ ನನಗೆ ಅಳುವೇ ಬಂತು. ಇವರು ನನ್ನ ಮುಖ ನೋಡಿದರು. ಎದ್ದು ಬ್ಲೂ-ರೇ ಪ್ಲೇಯರಿನ ವೈರು ಕಿತ್ತು, ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು, "ನಡಿ ಹೋಗೋಣ," ಅಂದರು.

ತಮ್ಮ ಬಾಗಿಲು ತೆರೆದ. ಹಗಲಲ್ಲೂ ಪರದೆ ಎಳೆದ ಮನೆ. ಕ್ಷೌರ ಕಾಣದ ಮುಖದಲ್ಲಿ ಅವನದೇ ಒಂದು ಗಡ್ಡ.

"ತಗೋ, ಇದು ನಿಂಗೆ. ನಿಂದನ್ನ ನಂಗೆ ಕೊಡು," ಅಂದರು ಇವರು.

"ಗೆದ್ದಿರೋದನ್ನ ಯಾಕೆ ಭಾವ ಕೊಡ್ತೀರಿ?"

"ಗೆದ್ದಿರೋದು ಅಂಗಡೀಲಿ. ಚಿತ್ರ ನಿಂದ್ರಲ್ಲೇ ಚೆನ್ನಾಗಿತ್ತು. ಆ ಕಪ್ಪು ಇದ್ರಲ್ಲಿ ಬರಲ್ಲ."

ನಾನು ಗೋಡೆ ಹಿಡಿದುಕೊಂಡೆ. ಮದುವೆಯಾದಾಗಿನಿಂದ ಈ ಮನುಷ್ಯ ತನ್ನದು ತಪ್ಪೆಂದು ಒಪ್ಪಿಕೊಂಡದ್ದೇ ಇಲ್ಲ, ಬಸ್ಸಿನಲ್ಲಿ ಮರೆತು ಬಂದ ಕೊಡೆಯ ವಿಷಯದಲ್ಲೂ.

ತಮ್ಮ ಟವೆಲು ಬಿಚ್ಚಿ ಪ್ಲೇಯರನ್ನು ಅತ್ತಿತ್ತ ತಿರುಗಿಸಿದ. "ಬಾಯಿಗೆ ಬಂದಂಗೆ ಹೇಳ್ಬೇಡಿ ಭಾವ. ಗಡ್ಡ ಇದ್ರಲ್ಲೇ ಸ್ಪಷ್ಟ."

"ಯಾರಿಗೆ ಬೇಕಯ್ಯ ಗಡ್ಡ? ಕೋಟು ನೋಡು!"

"ಕೋಟಂತೆ ಕೋಟು! ಇರಿ, ನನ್ನ ಪ್ಲೇಯರ್ ತಗೊಂಡು ಬರ್ತೀನಿ. ನಿಮ್ಮನೇಲೇ ಹಾಕಿ ತೋರಿಸ್ತೀನಿ."

ಅವನು ದಡಬಡನೆ ಒಳಗೆ ಹೋದ. ನಾನು ಇವರ ಕಿವಿಯ ಹತ್ತಿರ ಬಾಗಿ, "ನಿಜವಾಗ್ಲೂ ಅವನದೇ ಚೆನ್ನಾಗಿತ್ತಾ?" ಎಂದು ಕೇಳಿದೆ.

ಇವರು ಒಳಗೊಮ್ಮೆ ಇಣುಕಿ ನೋಡಿ ದನಿ ತಗ್ಗಿಸಿದರು. "ಮೆಲ್ಲಗೆ ಮಾತಾಡೇ. ಎರಡಕ್ಕೂ ಏನು ವ್ಯತ್ಯಾಸ ಅಂತ ನಂಗೆ ಯಾವತ್ತೂ ಗೊತ್ತಾಗಿಲ್ಲ."