ಹೊಗೆ ಸುಂಕ

"ಈ ಡಬ್ಬಾ ತಗೊಂಡು ಊರೊಳಕ್ ಬರ್ತೀಯೇನೇ? ನಿನ್ ಹೊಗೆ ಕುಡಿಯಾಕೆ ನಾವೇನ್ ನಿನ್ ಗಂಡಂದ್ರಾ?"

ಸುಂಕದ ಕಟ್ಟೆಯವನು ಬುರುಲಕ್ಕನ ಕಾರಿನ ಚಕ್ರಕ್ಕೆ ಬೂಟುಗಾಲಿನಿಂದ ಒದ್ದ. ಆ ಕಾರು ನನಗಿಂತ ಮೂರು ವರ್ಷ ಹಳೆಯದು. ಒಳಗೆ ನಾವು ನಾಲ್ವರು ಹೆಂಗಸರು, ಬಿಷ್ಕೆಕ್‌ನ ನಡುವೆ ಇರುವ ಒಂದು ಕಚೇರಿಯಲ್ಲಿ ನೆಲ ಒರೆಸುವವರು. ಕಾರು ಬುರುಲಕ್ಕನದು, ಪೆಟ್ರೋಲು ಎಲ್ಲರದು.

ಆ ಚಳಿಗಾಲ ನನ್ನ ಮಗಳ ಮೂಗು ಒರೆಸಿದರೆ ಬಟ್ಟೆ ಕಪ್ಪಾಗುತ್ತಿತ್ತು. ಹೊಗೆ ತಗ್ಗಿಸಬೇಕೆಂದು ಹಳೆಯ ಕಾರುಗಳಿಗೆ ಸುಂಕ ಬಂತು: ಊರೊಳಗೆ ಹೋಗಲು ದಿನಕ್ಕೆ ಮುನ್ನೂರು ಸೊಮ್, ನನ್ನ ಅರ್ಧ ದಿನದ ಕೂಲಿ. ಬ್ಯಾಟರಿ ಕಾರಿಗೆ ಪುಕ್ಕಟೆ. ಹೊಸ ಬಸ್ಸು ಬಿಡುತ್ತೇವೆ ಎಂದಿದ್ದರು. ನಮ್ಮ ಬಡಾವಣೆಯ ಕೆಸರು ದಾರಿಗೆ ಅದು ಬರಲೇ ಇಲ್ಲ. ಒಂದು ವಾರ ಕಾರನ್ನು ಕಟ್ಟೆಯ ಈಚೆಗೇ ಬಿಟ್ಟು, ಹಿಮ ತುಳಿಯುತ್ತಾ ಐದು ಕಿಲೋಮೀಟರ್ ನಡೆದೆವು. ಅದರಲ್ಲಿ ಎರಡು ದಿನ ಕೆಲಸಕ್ಕೆ ತಡವಾಯಿತು. ಇನ್ನೊಮ್ಮೆ ತಡವಾದರೆ ಬಕೆಟ್ಟು ಅಲ್ಲೇ ಇಟ್ಟು ಮನೆಗೆ ಹೋಗಿ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ. ಅದಕ್ಕೇ ಆ ದಿನ ಕಾರನ್ನು ಕಟ್ಟೆಯವರೆಗೂ ತಂದಿದ್ದೆವು.

ಸುಂಕ ಕಟ್ಟು, ಇಲ್ಲ ತಿರುಗಿಸು ಎಂದು ಕಟ್ಟೆಯವನು ಬೈಯುತ್ತಲೇ ಇದ್ದ. ನಮ್ಮ ಹಿಂದೆ ಒಂದು ಬಿಳಿ ಬ್ಯಾಟರಿ ಜೀಪು ಹಾರನ್ ಒತ್ತತೊಡಗಿತು. ತಿರುಗಿ ನೋಡಿದರೆ ನಮ್ಮ ಕಚೇರಿಯ ನಾಲ್ಕನೇ ಮಹಡಿಯ ಸಾಹೇಬ. ಅವನ ಮೇಜನ್ನು ಎರಡು ವರ್ಷದಿಂದ ಒರೆಸುತ್ತಿರುವವಳು ನಾನು. ಅವನಿಗೆ ನನ್ನ ಗುರುತೇ ಹತ್ತಲಿಲ್ಲ.

ಬುರುಲಕ್ಕ ಇಂಜಿನ್ ಆರಿಸಿ ಕೆಳಗಿಳಿದಳು.

"ಹೊಗೆಗೆ ತಾನೆ ಸುಂಕ? ಎಲ್ಲೈತೆ ಹೊಗೆ? ಬಗ್ಗಿ ಮೂಸ್ ನೋಡು." ನಮ್ಮ ಕಡೆ ತಿರುಗಿ, "ಇಳೀರೇ. ದಬ್ಬಾನ," ಎಂದಳು.

ಇಳಿದೆವು. ದಬ್ಬಿದೆವು. ಕಾರಿನ ಮೂತಿ ಅಡ್ಡಗಂಬಿಗೆ ತಾಗಿ ನಿಂತಿತು. ಕಟ್ಟೆಯವನು ಕಂಬಿ ಎತ್ತಲಿಲ್ಲ. ನಾವು ಹಿಂದೆ ಸರಿಯಲಿಲ್ಲ. ಹಿಂದಿನ ಗಾಡಿಗಳ ಸಾಲು ದೂರದ ಸೇತುವೆಯಾಚೆಗೂ ಬೆಳೆಯಿತು. ನಿಂತ ಲಾರಿಗಳೆಲ್ಲ ನಿಂತಲ್ಲೇ ಹೊಗೆ ಕಾರುತ್ತಿದ್ದವು.

ಸಾಹೇಬ ಇಳಿದು ಬಂದ. ದಾರಿ ಬಿಡಿ, ನನಗೆ ಮೀಟಿಂಗ್ ಇದೆ ಎಂದ.

"ನಮಗೂ ಕೆಲ್ಸ ಐತೆ ಸಾಹೇಬ್ರೆ. ನಿಮ್ ಕೋಣೆ ಗುಡಿಸ್ಬೇಕು," ಎಂದಳು ಬುರುಲಕ್ಕ. "ಅವಸರ ಇದ್ರೆ ಬನ್ನಿ, ನೀವೂ ಒಂದ್ ಕೈ ಹಾಕಿ."

ಅವನು ಕಟ್ಟೆಯವನತ್ತ ನೋಡಿದ. ಕಟ್ಟೆಯವನ ಲಾಠಿ ಬುರುಲಕ್ಕನ ಬೆರಳುಗಳ ಮೇಲೆ ಬಿತ್ತು. ಅವಳು ಹಲ್ಲು ಕಚ್ಚಿದಳೇ ಹೊರತು ಕಾರಿನ ಡಿಕ್ಕಿಯಿಂದ ಕೈ ತೆಗೆಯಲಿಲ್ಲ. ನಾವು ಮೂವರೂ ಅವಳ ಪಕ್ಕದಲ್ಲಿ ಕಾರಿಗೆ ಹೆಗಲು ಕೊಟ್ಟೆವು. ಎರಡನೇ ಏಟಿಗೆ ಲಾಠಿ ಮೇಲೆದ್ದಾಗ ಅಡ್ಡಗಂಬಿ ಕಿರ್ರೆಂದು ಬಾಗತೊಡಗಿತು.